ಕೋವಿಡ್ ಲಸಿಕೆ ಮತ್ತು ನಮ್ಮ ಮನೆಗಳು: ಮಂಡ್ಯ, ಮೈಸೂರಿನವರು ಇಂದಿಗೂ ಕೇಳುವ ಪ್ರಶ್ನೆಗಳು

ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. 2021ರಲ್ಲಿ ಶಾಲೆಗೆ ಬೀಗ ಬಿದ್ದಾಗ ನಮ್ಮನ್ನು ಮನೆ ಮನೆ ಸಮೀಕ್ಷೆಗೂ ಲಸಿಕಾ ಕೇಂದ್ರದ ನೋಂದಣಿ ಮೇಜಿಗೂ ನಿಯೋಜಿಸಿದರು. ಅಂದಿನಿಂದ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ತಿಥಿ ಊಟದ ಪಂಕ್ತಿಯಲ್ಲೂ ಜನ ನನ್ನನ್ನು ಇವೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಒಂದೆಡೆ ಬರೆದಿಟ್ಟರೆ ನನ್ನ ಊಟವಾದರೂ ಆರದೆ ಉಳಿದೀತು. ನಾನು ವೈದ್ಯಳಲ್ಲ. ನಿಮ್ಮ ದೇಹದ ತೊಂದರೆಯನ್ನು ವೈದ್ಯರಿಗೇ ಹೇಳಿ. ಏನು ನಡೆಯಿತು, ಏಕೆ ಹಾಗೆ ನಡೆಯಿತು ಎಂಬುದನ್ನಷ್ಟೇ ಇಲ್ಲಿ ಹೇಳಬಲ್ಲೆ.

ಒಂದೇ ಮನೆಯವರು ಬೇರೆ ಬೇರೆ ತಿಂಗಳಲ್ಲಿ ಲಸಿಕೆ ಹಾಕಿಸಿಕೊಂಡದ್ದೇಕೆ? ಎಲ್ಲರೂ ಒಟ್ಟಿಗೆ ಹೋಗಬಹುದಿತ್ತಲ್ಲ?

ಹೋಗುವಂತಿರಲಿಲ್ಲ. 2021ರ ಜನವರಿ 16ರಂದು ಆಸ್ಪತ್ರೆ ಸಿಬ್ಬಂದಿಯಿಂದ ಶುರುವಾಯಿತು. ಮಾರ್ಚ್ 1ಕ್ಕೆ 60 ದಾಟಿದವರಿಗೂ, ಪಟ್ಟಿಯಲ್ಲಿದ್ದ ಕಾಯಿಲೆಗಳಿರುವ 45 ದಾಟಿದವರಿಗೂ ಅವಕಾಶ ಬಂತು. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ. ಹದಿನೆಂಟು ದಾಟಿದವರಿಗೆ ಮೇ 1 ಎಂದು ಘೋಷಣೆಯಾಯಿತು. ಕರ್ನಾಟಕದ ಸರ್ಕಾರಿ ಕೇಂದ್ರಗಳಲ್ಲಿ ಅದು ಮೇ 10ಕ್ಕೆ ಆರಂಭವಾಗಿ, ದಾಸ್ತಾನು ಸಾಲದೆ 14ಕ್ಕೇ ನಿಂತಿತು. ಜೂನ್ 21ರಿಂದ ಕೇಂದ್ರ ಸರ್ಕಾರವೇ ಕೊಂಡು ಎಲ್ಲ ವಯಸ್ಕರಿಗೆ ಉಚಿತವಾಗಿ ಕೊಡತೊಡಗಿದ ಮೇಲೆ ಎಳೆಯರ ಸರದಿ ನಿಜವಾಗಿ ಬಂತು.

ಇದರಿಂದ ಮನೆಯೊಳಗೇ ವಾದ ಹುಟ್ಟಿತು. ದಿನವೂ ಹೊರಗೆ ದುಡಿಯಲು ಹೋಗುವ ಮೂವತ್ತರ ಮಗನಿಗೆ ಲಸಿಕೆ ಇಲ್ಲ, ಜಗಲಿಯಿಂದ ಇಳಿಯದ ಎಪ್ಪತ್ತೈದರ ಅಜ್ಜಿಗೆ ಇದೆ. ‘ಮನೆಗೆ ಕಾಯಿಲೆ ಹೊತ್ತು ತರುವವರು ಇವರು, ಮೊದಲು ಇವರಿಗೆ ಹಾಕಿ ಮೇಡಂ’ ಎಂದು ಗಂಡನನ್ನು ತೋರಿಸಿ ಜಗಳವಾಡಿದ ಹೆಣ್ಣುಮಕ್ಕಳಿದ್ದರು. ಮಾತಿನಲ್ಲಿ ತಿರುಳಿತ್ತು. ಆದರೆ ಲಸಿಕೆ ಸಾಲದಿದ್ದಾಗ ಸಾವಿನ ಅಪಾಯ ಯಾರಿಗೆ ಹೆಚ್ಚೋ ಅವರನ್ನು ಮುಂದಿಟ್ಟರು, ಮತ್ತು ಆ ಅಪಾಯ ವಯಸ್ಸಿನೊಂದಿಗೆ ಏರುತ್ತಿತ್ತು. ಆ ಅಜ್ಜಿಯನ್ನು ಕೇಂದ್ರಕ್ಕೆ ಕರೆತರಬೇಕಾದವನು ಲಸಿಕೆಯಿಲ್ಲದ ಅದೇ ಮಗ ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಿರಲಿಲ್ಲ.

ಎರಡನೇ ಡೋಸಿನ ದಿನಾಂಕ ಮುಂದೆ ಮುಂದೆ ಹೋದದ್ದೇಕೆ?

ಕೋವಿಶೀಲ್ಡ್‌ಗೆ ಮೊದಲು ಹೇಳಿದ ಅಂತರ 4ರಿಂದ 6 ವಾರ. 2021ರ ಮಾರ್ಚ್ 22ರಂದು 6ರಿಂದ 8 ವಾರ ಎಂದಾಯಿತು, ಮೇ 13ರಂದು 12ರಿಂದ 16 ವಾರ. ಕೋವ್ಯಾಕ್ಸಿನ್‌ಗೆ 4ರಿಂದ 6 ವಾರವೇ ಉಳಿಯಿತು. ಅಂತರ ಹೆಚ್ಚಿದರೆ ರೋಗನಿರೋಧಕ ಶಕ್ತಿ ಚೆನ್ನಾಗಿ ಬೆಳೆಯುತ್ತದೆ ಎಂಬುದಕ್ಕೆ ಹೊರದೇಶಗಳ ಪುರಾವೆಯಿತ್ತು. ಅದೇ ಹೊತ್ತಿಗೆ ಲಸಿಕೆಯ ಕೊರತೆಯೂ ಇತ್ತು. ಎರಡೂ ಒಟ್ಟಿಗೆ ಬಂದದ್ದರಿಂದ ಜನ ಎರಡನೆಯದನ್ನೇ ನಂಬಿದರು. ಮಳವಳ್ಳಿ ಕಡೆಯ ಹಿರಿಯರೊಬ್ಬರು, ‘ಕಾರ್ಖಾನೆಯವರು ಕಬ್ಬಿನ ಬಿಲ್ಲು ಕೊಡುವ ದಿನದ ಹಾಗಾಯಿತಲ್ಲಮ್ಮ ಇದು’ ಎಂದರು. ಮಂಡ್ಯದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಓದಿಗೆ, ಕೆಲಸಕ್ಕೆ ವಿದೇಶಕ್ಕೆ ಹೊರಟವರಿಗೆ 28 ದಿನವಾದ ಮೇಲೆ ಬೇಗನೆ ಎರಡನೇ ಡೋಸ್ ಕೊಡಬಹುದೆಂದು ಜೂನ್‌ನಲ್ಲಿ ಆದೇಶ ಬಂತು. ಮೈಸೂರಿನ ಕೆಲವು ಮನೆಗಳಿಗೆ ಇದು ವರವಾಯಿತು. ಕೋವ್ಯಾಕ್ಸಿನ್ ಹಾಕಿಸಿಕೊಂಡಿದ್ದ ಮಕ್ಕಳು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗಾಗಿ ಆ ವರ್ಷದ ನವೆಂಬರ್ 3ರವರೆಗೆ ಕಾದರು.

ಮೊಬೈಲ್ ಇಲ್ಲದವರು ನೋಂದಣಿ ಮಾಡಿಸಿದ್ದು ಹೇಗೆ?

ಇನ್ನೊಬ್ಬರ ಮೊಬೈಲಿನಿಂದ. ಲಸಿಕೆ ನೋಂದಣಿಯ ಸರ್ಕಾರಿ ಜಾಲತಾಣವಾದ ಕೋವಿನ್‌ನಲ್ಲಿ ಒಂದು ಸಂಖ್ಯೆಗೆ ನಾಲ್ವರನ್ನು ಸೇರಿಸಬಹುದಿತ್ತು. 2022ರ ಜನವರಿಯಲ್ಲಿ ಅದು ಆರಾಯಿತು. ಕೂಡು ಕುಟುಂಬಕ್ಕೆ ನಾಲ್ಕು ಎಲ್ಲಿ ಸಾಕು? ಅಜ್ಜ, ಅಜ್ಜಿ, ಅಪ್ಪ, ಅಮ್ಮ ಸೇರಿದರೆ ತುಂಬಿತು. ಚಿಕ್ಕಪ್ಪ ಚಿಕ್ಕಮ್ಮ ಪಕ್ಕದ ಮನೆಯ ಹುಡುಗನನ್ನು ಹುಡುಕಬೇಕು. ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಎರಡನೇ ಡೋಸಿನ ಸಂದೇಶವೂ ಅವನೊಂದಿಗೇ ಹೋಯಿತು. ಒಟಿಪಿ ಬಂದಿದೆಯೇ ಎಂದು ಇಲ್ಲಿಂದ ಕೂಗುವುದು, ಅವನು ಶಿಫ್ಟಿನಲ್ಲಿ ಫೋನ್ ಎತ್ತದಿರುವುದು, ಅಷ್ಟರಲ್ಲಿ ಅದರ ಅವಧಿ ಮುಗಿಯುವುದು.

ನಂತರ ಆಧಾರ್ ಕಾರ್ಡ್ ಹಿಡಿದು ನೇರವಾಗಿ ಬಂದರೂ ಸಾಕೆಂದಾದಾಗ ಹಳ್ಳಿಗಳಲ್ಲಿ ಕೆಲಸ ಸಲೀಸಾಯಿತು. ಅದಕ್ಕೂ ಮೊದಲು, 18 ದಾಟಿದವರ ಸ್ಲಾಟ್‌ಗಳಿಗೆ ಜನ ಮುಗಿಬಿದ್ದಿದ್ದ ದಿನಗಳಲ್ಲಿ, ನಮ್ಮ ಹೋಬಳಿಯ ಪಿನ್‌ಕೋಡ್ ಹುಡುಕಿ ಮೈಸೂರು, ಬೆಂಗಳೂರಿನಿಂದ ಕಾರಿನಲ್ಲಿ ಬಂದವರಿದ್ದರು. ಊರಿನವರು ಆಲದ ಮರದ ಕೆಳಗೆ ಕುಳಿತು ನೋಡಿದರು. ಬಂದವರ ತಪ್ಪೆಂದು ನಾನು ಹೇಳುವುದಿಲ್ಲ. ಅವರಿಗೂ ಮನೆಯಲ್ಲಿ ವಯಸ್ಸಾದವರಿದ್ದರು. ಆದರೆ ಬೆರಳು ಚುರುಕಿದ್ದವರಿಗೆ ಲಸಿಕೆ ಎಂಬ ವ್ಯವಸ್ಥೆ ಮಾಡಿದವರು ಒಮ್ಮೆಯಾದರೂ ಆ ಮರದ ಕೆಳಗೆ ಕುಳಿತು ನೋಡಬೇಕಿತ್ತು.

ಹೋದವರನ್ನೂ ‘ಹತ್ತು ಜನ ಸೇರಲಿ’ ಎಂದು ಕೂರಿಸುತ್ತಿದ್ದರಲ್ಲ?

ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ ಹತ್ತು ಡೋಸ್, ಒಬ್ಬರಿಗೆ ಅರ್ಧ ಮಿಲಿಲೀಟರ್. ಮುಚ್ಚಳ ಚುಚ್ಚಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ವ್ಯರ್ಥ. ವ್ಯರ್ಥವಾದ ಪ್ರತಿ ಹನಿಗೂ ದಾದಿ ಲೆಕ್ಕ ಕೊಡಬೇಕಿತ್ತು. ಹಾಗಾಗಿ ಎಂಟು ಜನ ಬಂದಿದ್ದರೆ ಆಶಾ ಕಾರ್ಯಕರ್ತೆ ಇನ್ನಿಬ್ಬರಿಗಾಗಿ ಬೀದಿಗೆ ಓಡುತ್ತಿದ್ದಳು. ಹೀಗೆ ಗದ್ದೆಯಿಂದ ಕೆಸರು ಕಾಲಿನಲ್ಲೇ ಬಂದು ಹತ್ತನೆಯವರಾಗಿ ಹಾಕಿಸಿಕೊಂಡವರು ನಮ್ಮ ಕಡೆ ಬಹಳ ಮಂದಿ.

ಹಳ್ಳಿಯ ಹಿರಿಯರು ಹಿಂಜರಿದದ್ದು ಅಜ್ಞಾನದಿಂದ ತಾನೇ?

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಮೈಸೂರಿನ ಓದಿದವರು, ಮತ್ತು ಉತ್ತರವನ್ನೂ ಪ್ರಶ್ನೆಯೊಳಗೇ ಇಟ್ಟುಕೊಂಡು ಕೇಳುತ್ತಾರೆ. ನೋಂದಣಿ ಮೇಜಿನಲ್ಲಿ ಕುಳಿತು ನಾನು ಕಂಡ ಕಾರಣಗಳು ಬೇರೆ.

ಮೊದಲನೆಯದು ಕೂಲಿ. ಲಸಿಕೆ ಹಾಕಿಸಿಕೊಂಡ ದಿನವೂ ಮರುದಿನವೂ ಮೈಕೈ ನೋವು, ಜ್ವರ ಬರಬಹುದೆಂದು ನಾವೇ ಹೇಳುತ್ತಿದ್ದೆವು. ಕಬ್ಬು ಕಡಿಯುವವರಿಗೆ, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವರಿಗೆ ಎರಡು ದಿನದ ಜ್ವರವೆಂದರೆ ಎರಡು ದಿನದ ಸಂಬಳ. ‘ನೀವು ಸಂಬಳದ ರಜೆಯಲ್ಲಿ ಮಲಗುತ್ತೀರಿ, ನಾನು ಮಲಗಿದರೆ ಒಲೆ ಯಾರು ಹಚ್ಚುತ್ತಾರೆ?’ ಎಂದು ಕೇಳಿದ ಹೆಣ್ಣುಮಗಳಿಗೆ ವೈರಾಣುವಿನ ಚಿತ್ರ ತೋರಿಸಿ ಪ್ರಯೋಜನವಿಲ್ಲ. ಕೊನೆಗೆ ಅವರ ಮನೆಯಲ್ಲಿ ಶನಿವಾರ ಅತ್ತೆ, ಮುಂದಿನ ವಾರ ಸೊಸೆ ಎಂದು ಸರದಿ ಮಾಡಿಕೊಂಡರು. ಅಂಥ ಸರದಿಯನ್ನು ಎಷ್ಟೋ ಮನೆಗಳು ತಾವಾಗಿಯೇ ಕಂಡುಕೊಂಡವು.

ಎರಡನೆಯದು ಕಾಲದ ಕಾಕತಾಳೀಯ. ಹಿರಿಯರಿಗೆ ಮೊದಲ ಡೋಸ್ ಬಿರುಸಾಗಿ ನಡೆದದ್ದು ಮಾರ್ಚ್, ಏಪ್ರಿಲ್‌ನಲ್ಲಿ. ಎರಡನೇ ಅಲೆ ಅಪ್ಪಳಿಸಿದ್ದೂ ಆಗಲೇ. ಒಂದು ಡೋಸಿನಿಂದ ರಕ್ಷಣೆ ಕೂಡಲೇ ಬರುವುದಿಲ್ಲ, ವಾರಗಳು ಬೇಕು. ಆ ನಡುವೆ ಸೋಂಕು ತಗುಲಿ ಸತ್ತವರಿದ್ದರು. ಊರಿನವರ ಕಣ್ಣಿಗೆ ಕಂಡದ್ದು ಇಷ್ಟೇ: ಸೂಜಿ ಹಾಕಿಸಿಕೊಂಡರು, ಹತ್ತು ದಿನಕ್ಕೆ ಹೋದರು. ಕೇಂದ್ರದ ಸಾಲಿನಲ್ಲೇ ಸೋಂಕು ಅಂಟಿದ್ದಿರಲೂಬಹುದು. ಕಂಡದ್ದನ್ನು ನಂಬುವುದು ಮೂಢನಂಬಿಕೆಯೇನಲ್ಲ. ಪಾಠದಲ್ಲಿ ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದೂ ನೋಡಿ ತಿಳಿಯಿರಿ ಎಂದೇ. ಕಾರಣಕ್ಕೂ ಕಾಕತಾಳೀಯಕ್ಕೂ ಇರುವ ಅಂತರ ಹೇಳಲು ಸಮಾಧಾನ ಬೇಕು, ಆ ದಿನಗಳಲ್ಲಿ ಯಾರಲ್ಲೂ ಅದು ಇರಲಿಲ್ಲ.

ಮೂರನೆಯದು ಹಬ್ಬ. ಆ ವರ್ಷ ಯುಗಾದಿ ಏಪ್ರಿಲ್ 13ಕ್ಕೆ ಬಂತು. ಮರುದಿನ ಹೊಸತೊಡಕು. ಲಸಿಕೆ ಹಾಕಿಸಿಕೊಂಡವರು ಮಾಂಸ ಮುಟ್ಟಬಾರದು ಎಂಬ ಗಾಳಿಮಾತು ಅದಾಗಲೇ ಹಬ್ಬಿತ್ತು. ಮಂಡ್ಯದವರಿಗೆ ಹೊಸತೊಡಕು ಬಿಡಿ ಎನ್ನುವುದೂ ಒಂದೇ, ಲಸಿಕೆ ಬೇಡ ಎನ್ನುವುದೂ ಒಂದೇ. ‘ಬಾಡೂಟ ಮುಗಿಸಿ ಬರುತ್ತೇವೆ’ ಎಂದವರಲ್ಲಿ ಅನೇಕರು ಬರುವಷ್ಟರಲ್ಲಿ ದಾಸ್ತಾನು ಖಾಲಿ.

ಮನಸ್ಸು ಬದಲಾದದ್ದು ಪ್ರಚಾರದಿಂದ ಎನ್ನಲಾರೆ. ಮೇ 2ರ ರಾತ್ರಿ ಪಕ್ಕದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹಲವರು ಸತ್ತ ಸುದ್ದಿ ಬಂದಾಗ ಇಡೀ ಸೀಮೆ ನಡುಗಿತು. ಅದಾದ ಮೇಲೆ ಲಸಿಕೆ ಬೇಡವೆನ್ನುವವರ ದನಿ ಇಳಿಯಿತು, ಲಸಿಕೆಯೇ ಇಲ್ಲವಲ್ಲ ಎನ್ನುವವರ ದನಿ ಏರಿತು.

ಮಾಂಸ, ಮದ್ಯ ಬಿಡಬೇಕಿತ್ತೇ?

ಮಾಂಸ ಬಿಡಬೇಕಿರಲಿಲ್ಲ. ಮದ್ಯವನ್ನು ಯಾವ ನೆಪ ಸಿಕ್ಕರೂ ಬಿಡುವುದು ಒಳ್ಳೆಯದು.

ಜ್ವರ ಬಾರದಿದ್ದರೆ ಲಸಿಕೆ ‘ಹಿಡಿಯಲಿಲ್ಲ’ ಎಂದರ್ಥವೇ?

ಅಲ್ಲ. ಮೈ ಬಿಸಿಯಾಗುವುದು ದೇಹ ಪ್ರತಿಕ್ರಿಯಿಸುತ್ತಿರುವ ಒಂದು ಗುರುತು. ಜ್ವರವಿಲ್ಲದೆಯೂ ಆ ಕೆಲಸ ಒಳಗೆ ನಡೆಯುತ್ತದೆ, ವಯಸ್ಸಾದವರಿಗೆ ಜ್ವರ ಬರುವುದೇ ಕಡಿಮೆ. ಹಾಗೆಂದು ಹೇಳಿದರೂ, ಮಗನಿಗೆ ಚಳಿಜ್ವರ ಬಂದು ತನಗೆ ಏನೂ ಆಗದ ಅಪ್ಪ, ತನಗೆ ನೀರು ಹಾಕಿದ್ದಾರೆ ಎಂದು ಮೂರು ದಿನ ಮುನಿಸಿಕೊಂಡಿದ್ದನ್ನು ನೋಡಿದ್ದೇನೆ. ಆ ದಿನಗಳಲ್ಲಿ ಔಷಧದಂಗಡಿಯಲ್ಲಿ ಹಾಲು, ಮೊಸರಿನಂತೆ ಪ್ಯಾರಸಿಟಮಾಲ್ ಮಾರಾಟವಾಯಿತು.

ಗರ್ಭಿಣಿಯರು, ಬಾಣಂತಿಯರ ವಿಷಯದಲ್ಲಿ ಮನೆಯವರು ಏನು ತೀರ್ಮಾನ ಮಾಡಿದರು?

ಹೆಚ್ಚಿನ ಮನೆಗಳಲ್ಲಿ ತೀರ್ಮಾನವನ್ನೇ ಮುಂದೂಡಿದರು. ಹಾಲೂಡಿಸುವ ತಾಯಂದಿರು ಹಾಕಿಸಿಕೊಳ್ಳಬಹುದೆಂದು ಕೇಂದ್ರ ಸರ್ಕಾರ 2021ರ ಮೇನಲ್ಲಿ ಹೇಳಿತು, ಗರ್ಭಿಣಿಯರಿಗೆ ಒಪ್ಪಿಗೆ ಬಂದದ್ದು ಜುಲೈ 2ರಂದು. ಅಲ್ಲಿಯವರೆಗೆ ನಾವೇ ಅವರನ್ನು ಮೇಜಿನಿಂದ ವಾಪಸ್ ಕಳಿಸುತ್ತಿದ್ದೆವು. ಜೂನ್‌ನಲ್ಲಿ ಬೇಡ ಎಂದವರು ಜುಲೈನಲ್ಲಿ ಬನ್ನಿ ಎಂದರೆ ಯಾರು ನಂಬುತ್ತಾರೆ? ಮೊದಲ ಪರೀಕ್ಷೆಗಳಲ್ಲಿ ಗರ್ಭಿಣಿಯರನ್ನು ಸೇರಿಸಿರಲಿಲ್ಲ, ಮಾಹಿತಿ ಬರುವವರೆಗೆ ಕಾದರು. ಇದನ್ನು ಹೀಗೆ ನೇರವಾಗಿ ಹೇಳಿದಾಗ ಹೆಣ್ಣುಮಕ್ಕಳಿಗೆ ಅರ್ಥವಾಗುತ್ತಿತ್ತು. ತೊಡಕಿದ್ದದ್ದು ಹಿರಿಯರಲ್ಲಿ. ಗಂಡನ ಮನೆಯವರು ‘ತವರಿಗೆ ಹೋದ ಮೇಲೆ ಅವರೇ ಹಾಕಿಸಲಿ’ ಎನ್ನುವರು, ತವರಿನವರು ‘ಅವರ ಮನೆಯ ಕುಡಿ, ಅವರೇ ಹೇಳಲಿ’ ಎನ್ನುವರು. ಹೆಚ್ಚುಕಡಿಮೆಯಾದರೆ ಮಾತು ಯಾರ ಮೇಲೆ ಬರುತ್ತದೆ ಎಂಬುದೇ ಅಲ್ಲಿನ ನಿಜವಾದ ಭಯ.

ನನ್ನ ಸ್ವಂತ ಮಗಳು ಮೈಸೂರಿನಲ್ಲಿ ಏಳನೇ ತಿಂಗಳಲ್ಲಿ ಹಾಕಿಸಿಕೊಂಡಳು. ಸೀಮಂತಕ್ಕೆ ಬಂದವರೆಲ್ಲ ಮಡಿಲು ತುಂಬಿ, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ‘ಏಕೆ ಹಾಕಿಸಿದಿರಿ?’ ಎಂದರು. ಮೊಮ್ಮಗಳು ಈಗ ಅವರ ಮನೆಗೇ ಹೋಗಿ ಸಾಮಾನು ಬೀಳಿಸಿ ಬರುತ್ತಾಳೆ.

ಮುಟ್ಟಿನ ದಿನಗಳಲ್ಲಿ ಹಾಕಿಸಿಕೊಳ್ಳಬಾರದು ಎಂದಿತ್ತಲ್ಲ?

2021ರ ಏಪ್ರಿಲ್‌ನಲ್ಲಿ ಮೊಬೈಲಿಂದ ಮೊಬೈಲಿಗೆ ಹರಿದ ಸುಳ್ಳು ಅದು. ಸರ್ಕಾರ ಆಗಲೇ ಅಲ್ಲಗಳೆಯಿತು. ಅಲ್ಲಗಳೆದದ್ದು ಮಾತ್ರ ಸುಳ್ಳಿನಷ್ಟು ವೇಗವಾಗಿ ಓಡಲಿಲ್ಲ.

ಮಕ್ಕಳ ಲಸಿಕೆಗೆ ಶಾಲೆಯವರು ಒತ್ತಾಯ ಮಾಡಿದರೇ?

ಹದಿನೈದು ದಾಟಿದವರಿಗೆ 2022ರ ಜನವರಿ 3ರಿಂದ ಕೋವ್ಯಾಕ್ಸಿನ್, ಹನ್ನೆರಡರಿಂದ ಹದಿನಾಲ್ಕರವರಿಗೆ ಮಾರ್ಚ್ 16ರಿಂದ ಕಾರ್ಬೆವ್ಯಾಕ್ಸ್. ನಮ್ಮ ಶಾಲೆಯಲ್ಲಿ ತಂದೆತಾಯಿಯ ಒಪ್ಪಿಗೆ ಕೇಳಿದ್ದೆವು. ಆದರೆ ಅದಕ್ಕೂ ಮೊದಲೇ, 2021ರ ಡಿಸೆಂಬರ್‌ನಲ್ಲಿ, ಶಾಲೆಗೆ ಬರುವ ಮಕ್ಕಳ ತಂದೆತಾಯಿ ಎರಡೂ ಡೋಸ್ ಪಡೆದಿರಬೇಕೆಂದು ರಾಜ್ಯ ಸರ್ಕಾರ ಹೇಳಿತ್ತು. ಮಕ್ಕಳು ಮನೆಗೆ ಹೋಗಿ ‘ಅಪ್ಪ, ನಿನ್ನಿಂದ ನನ್ನ ಹಾಜರಿ ಹೋಗುತ್ತದೆ’ ಎಂದದ್ದು ಯಾವ ಭಿತ್ತಿಪತ್ರಕ್ಕಿಂತಲೂ ಹೆಚ್ಚು ಕೆಲಸ ಮಾಡಿತು. ಇದು ಸರಿಯೇ ಎಂಬ ಬಗ್ಗೆ ನನಗೆ ಈಗಲೂ ಅಸಮಾಧಾನವಿದೆ. ಲಸಿಕೆಯ ಪರವಾಗಿರುವ ನಾನು, ಮಗುವಿನ ಹಾಜರಿಯನ್ನು ಮುಂದಿಟ್ಟು ದೊಡ್ಡವರನ್ನು ಎಳೆದು ತರುವುದನ್ನು ಮೆಚ್ಚುವುದಿಲ್ಲ.

ಹಾಕಿಸಿಕೊಂಡ ಮೇಲೂ ಕೋವಿಡ್ ಬಂತು. ಹಾಗಾದರೆ ಏನು ಪ್ರಯೋಜನ?

2021ರ ಡಿಸೆಂಬರ್ 2ರಂದು ದೇಶದ ಮೊದಲ ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದುವೆಂದು ಪ್ರಕಟವಾಯಿತು. ಸಂಕ್ರಾಂತಿಯ ಹೊತ್ತಿಗೆ ಎಳ್ಳುಬೆಲ್ಲ ಬೀರಲು ಹೋಗುವ ಮನೆಗಳೆಲ್ಲ ಕೆಮ್ಮುತ್ತಿದ್ದವು, ಎರಡು ಡೋಸ್ ಆದವರೂ ಸೇರಿ. ಆದರೆ ಹಿಂದಿನ ಮೇನಲ್ಲಿ ಹಾಸಿಗೆ ಹುಡುಕಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದ ಅದೇ ಕುಟುಂಬಗಳು ಈ ಸಲ ಮನೆಯಲ್ಲೇ ಕಷಾಯ ಕುಡಿದು ಎದ್ದವು. ಓಮಿಕ್ರಾನ್ ಸ್ವಭಾವತಃ ಸ್ವಲ್ಪ ಮೃದುವಾಗಿತ್ತು, ಅಷ್ಟರೊಳಗೆ ಬಹಳ ಮಂದಿಗೆ ಒಮ್ಮೆ ಸೋಂಕು ತಗುಲಿತ್ತು, ಲಸಿಕೆಯೂ ಇತ್ತು. ಮೂರೂ ಸೇರಿ ಸಾವು ತಗ್ಗಿದವು. ಸೋಂಕೇ ತಗುಲದಂತೆ ತಡೆಯುವ ಶಕ್ತಿ ತಿಂಗಳುಗಳಲ್ಲಿ ಇಳಿಯುತ್ತದೆ, ತೀವ್ರ ಕಾಯಿಲೆಯಿಂದ ಕಾಯುವ ಶಕ್ತಿ ಹೆಚ್ಚು ಕಾಲ ನಿಲ್ಲುತ್ತದೆ.

ಲಸಿಕೆಯಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದು ಕಂಪನಿಯೇ ಒಪ್ಪಿಕೊಂಡಿತಲ್ಲ? ಹೃದಯಾಘಾತಗಳಿಗೂ ಅದೇ ಕಾರಣವೇ?

ಇವು ಎರಡು ಬೇರೆ ಪ್ರಶ್ನೆಗಳು. ಬೆರೆಸಿದ್ದರಿಂದಲೇ ಮನೆಮನೆಯಲ್ಲಿ ಭಯ ಕೂತಿದೆ.

ಮೊದಲನೆಯದು ನಿಜ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ರೂಪಿಸಿದ ಲಸಿಕೆಯೇ ನಮ್ಮಲ್ಲಿ ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಕೋವಿಶೀಲ್ಡ್. ಅದು ಬಹಳ ಅಪರೂಪಕ್ಕೆ ಟಿಟಿಎಸ್ ಎಂಬ ತೊಂದರೆ ತರಬಹುದು: ರಕ್ತ ಹೆಪ್ಪುಗಟ್ಟುತ್ತದೆ, ಜೊತೆಗೆ ಪ್ಲೇಟ್‌ಲೆಟ್ ಇಳಿಯುತ್ತದೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಇದು ಲಕ್ಷಕ್ಕೆ ಒಬ್ಬಿಬ್ಬರಿಗೆ. ಬ್ರಿಟನ್ ನ್ಯಾಯಾಲಯದ ದಾಖಲೆಯಲ್ಲಿ ಕಂಪನಿ ಹೀಗೆ ಹೇಳಿದೆಯೆಂಬ ಸುದ್ದಿ 2024ರ ಏಪ್ರಿಲ್ ಕೊನೆಗೆ ಇಲ್ಲಿ ಸ್ಫೋಟಿಸಿತು, ಹೊಸದಾಗಿ ಬಯಲಾದ ಗುಟ್ಟಿನಂತೆ. ಆದರೆ ಯುರೋಪಿನಲ್ಲಿ 2021ರಲ್ಲೇ ಗೊತ್ತಿತ್ತು. ನಮ್ಮ ಆರೋಗ್ಯ ಸಚಿವಾಲಯವೂ ಅದೇ ವರ್ಷದ ಮೇನಲ್ಲಿ ತೀವ್ರ ತಲೆನೋವು, ಎದೆನೋವು, ಕಾಲು ಊತ ಕಂಡರೆ ಆಸ್ಪತ್ರೆಗೆ ಹೋಗಿ ಎಂದು ಎಚ್ಚರಿಸಿತ್ತು. ಆ ಎಚ್ಚರಿಕೆ ನಮ್ಮ ನೋಂದಣಿ ಮೇಜಿನವರೆಗೆ ಬರಲಿಲ್ಲ. ಬಂದಿದ್ದರೆ ಜನರಿಗೆ ಅಂದೇ ಹೇಳುತ್ತಿದ್ದೆವು, ಮೂರು ವರ್ಷದ ನಂತರ ಅವರು ಮೋಸ ಹೋದೆವೆಂದು ಕುದಿಯಬೇಕಿರಲಿಲ್ಲ. ಈ ತೊಂದರೆ ಬರುವುದಿದ್ದರೆ ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವು ವಾರಗಳೊಳಗೆ. ವರ್ಷಗಟ್ಟಲೆ ಒಳಗೆ ಅಡಗಿ ಕೂತು ಹೊರಬರುವಂಥದ್ದಲ್ಲ.

ಇನ್ನು ಹೃದಯಾಘಾತ. 2025ರ ಬೇಸಿಗೆ ಕಳೆದ ಮೇಲೆ ಹಾಸನದಲ್ಲಿ ಎಳೆಯರ ಸಾವುಗಳು ಸುದ್ದಿಯಾದಾಗ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ತಪಾಸಣೆಗೆ ಸಾಲು ನಿಂತಿತು. ನಮ್ಮ ಬೀದಿಯಿಂದಲೂ ಹೋದರು. ಮುಖ್ಯಮಂತ್ರಿಗಳೇ ಲಸಿಕೆಯ ಮೇಲೆ ಅನುಮಾನದ ಮಾತಾಡಿದ್ದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಲಸಿಕೆಯೊಂದಿಗೆ ಸಂಬಂಧ ಕಾಣಲಿಲ್ಲ ಎಂದಿತು. ಅದಕ್ಕೂ ಮೊದಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 47 ಆಸ್ಪತ್ರೆಗಳ ಮೂಲಕ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿತ್ತು. ಲಸಿಕೆ ಅಪಾಯ ಹೆಚ್ಚಿಸಿಲ್ಲವೆಂದೂ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಮಿತಿಮೀರಿದ ಕುಡಿತ ಅಪಾಯ ಹೆಚ್ಚಿಸಿದವೆಂದೂ ಅದು ಹೇಳಿತು. ಲಸಿಕೆಯನ್ನು ದೂರುತ್ತಾ ಸಿಗರೇಟು ಹಚ್ಚುವ ತಮ್ಮಂದಿರಿಗೆ ನಾನು ಇದನ್ನು ಓದಿ ಹೇಳುತ್ತೇನೆ. ಅವರು ನಕ್ಕು ಆಚೆ ಹೋಗುತ್ತಾರೆ.

ಮನೆಯವರೊಬ್ಬರು ಲಸಿಕೆಯ ನಂತರ ತೀರಿಕೊಂಡಿದ್ದರೆ, ಈ ಅಂಕಿಅಂಶ ನಿಮಗೆ ಸಮಾಧಾನ ಕೊಡುವುದಿಲ್ಲ, ಕೊಡಬೇಕೆಂದು ನಾನು ಕೇಳುವುದೂ ಇಲ್ಲ. ಆಸ್ಪತ್ರೆಯ ದಾಖಲೆಗಳನ್ನು ಜೋಪಾನವಾಗಿಡಿ, ಕಾರಣ ಕೇಳಿ. ಕೇಳಿದವರನ್ನೆಲ್ಲ ಲಸಿಕೆ ವಿರೋಧಿಗಳೆಂದು ಕರೆಯುವುದು ಒರಟುತನ.

ಮೈಸೂರಿಗೂ ಲಸಿಕೆಗೂ ಹಳೆಯ ನಂಟಿದೆ ಎನ್ನುತ್ತಾರೆ, ನಿಜವೇ?

ಇನ್ನೂರು ವರ್ಷಕ್ಕೂ ಹಳೆಯದು. ಜೆನ್ನರ್ ಕಂಡುಹಿಡಿದ ಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿ ತಲುಪಿತು. ಸುಮಾರು 1805ರಲ್ಲಿ ತಾಮಸ್ ಹಿಕಿ ಎಂಬ ಚಿತ್ರಕಾರ ಮೂವರು ರಾಜಮನೆತನದ ಹೆಣ್ಣುಮಕ್ಕಳ ಚಿತ್ರ ಬರೆದ. ಬಲಬದಿಯವಳು ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ, ಲಸಿಕೆ ಹಾಕಿಸಿಕೊಂಡ ಜಾಗವನ್ನೇ ತೋರಿಸುತ್ತಿದ್ದಾಳೆ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಅರಮನೆಯ ಹೆಣ್ಣುಮಕ್ಕಳನ್ನು ನೋಡಿ ಪ್ರಜೆಗಳೂ ಧೈರ್ಯ ಮಾಡಲಿ ಎಂಬ ಉದ್ದೇಶವಿತ್ತಂತೆ. ಇನ್ನೂರು ವರ್ಷದ ನಂತರ ನಾವೂ ಊರಿನ ಯಜಮಾನರನ್ನು ಮೊದಲು ಕೂರಿಸಿ ಫೋಟೊ ತೆಗೆದೆವು. ಹೊಸದೇನನ್ನೂ ಕಂಡುಹಿಡಿದಿರಲಿಲ್ಲ.

ಕೋವಿಶೀಲ್ಡ್‌ನ ಭಾರತೀಯ ಪರೀಕ್ಷೆಗಳು 2020ರಲ್ಲಿ ನಡೆದಾಗ ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯೂ ಒಂದು ಕೇಂದ್ರವಾಗಿತ್ತು. ಎಲ್ಲೋ ದೂರದವರ ಮೇಲೆ ಪರೀಕ್ಷಿಸಿ ನಮಗೆ ಕೊಟ್ಟರು ಎನ್ನುವವರಿಗೆ ಇದನ್ನು ಹೇಳಿ.

ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿದೆ. ಈಗ ಬೇಕೇ ಅದು?

ಊರಿನಲ್ಲಿ ಓಡಾಡಲು ಬೇಡ. ವಿದೇಶಕ್ಕೆ ಓದಲು, ದುಡಿಯಲು ಹೋಗುವವರಿದ್ದರೆ ಒಂದು ಮುದ್ರಿತ ಪ್ರತಿ ಕಡತದಲ್ಲಿರಲಿ, ಹೆಸರು ಪಾಸ್‌ಪೋರ್ಟಿನಲ್ಲಿರುವಂತೆ ಇದೆಯೇ ನೋಡಿಕೊಳ್ಳಿ. ನಮ್ಮ ಕಡೆ ಗೌಡ ಎಂಬ ಒಂದು ಪದವನ್ನೇ ಒಂದೇ ಮನೆಯ ನಾಲ್ವರಿಗೆ ನಾಲ್ಕು ಬಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಾರೆ. ಹಾಗೆ ಬರೆದವರು ಇಡೀ ದಿನ ಕುರ್ಚಿ ಬಿಟ್ಟೇಳದೆ ಬೆರಳಚ್ಚು ಮಾಡಿದ ಹುಡುಗರು, ಅವರನ್ನು ಬಯ್ಯಬೇಡಿ. ಮುದ್ರಿತ ಪ್ರತಿಯನ್ನು ಮಗುವಿನ ತಾಯಿ ಕಾರ್ಡಿನ ಜೊತೆ ಒಂದೇ ಲಕೋಟೆಯಲ್ಲಿ ಇಡಿ. ಮನೆಯಲ್ಲಿ ಯಾರಿಗೆ ಯಾವ ಲಸಿಕೆ, ಯಾವ ತಾರೀಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅದರೊಳಗೇ ಸೇರಿಸಿ. ವೈದ್ಯರು ಕೇಳಿದಾಗ ‘ಆ ಲಾಕ್‌ಡೌನ್ ಕಾಲದಲ್ಲಿ ಯಾವಾಗಲೋ’ ಎನ್ನುವುದು ತಪ್ಪುತ್ತದೆ.